ಬೂಟಿನೊಳಗಿನ ಹೂವು

ಜೌಗಿನ ಕಾವಲಿಗೆ ಸೇರುವ ಮುನ್ನ ಆಕೆ ಆಸ್ಪತ್ರೆಯ ಹೊದಿಕೆಗಳನ್ನು ಒಗೆಯುತ್ತಿದ್ದಳು. "ನನ್ನ ಕಾಲಿಗೆ ಒಣಗೋ ಯೋಗವೇ ಇಲ್ಲ" ಎಂದು ಈಗಲೂ ನಗುತ್ತಾಳೆ. ಕಾಡು ಆರ್ಕಿಡ್ ಬೆಳೆದಿರುವ ಜಾಗಕ್ಕೆ ಹೋಗುವಾಗ ಒಮ್ಮೆ ತುಳಿದ ದಾರಿಯನ್ನು ಮತ್ತೆ ತುಳಿಯುವುದಿಲ್ಲ. ಕೆಸರಿನಲ್ಲಿ ಹೆಜ್ಜೆ ಮೂಡಿದರೆ, ಮಾರಲೆಂದು ಆರ್ಕಿಡ್ ಗೆಡ್ಡೆ ಕದ್ದು ಅಗೆಯುವವರಿಗೆ ಅದೇ ಕೈಮರ.

ಆ ದಿನ ಮಾತ್ರ ನೆಟ್ಟಗೆ ಓಡಿದ್ದಳು. ಕಾವಲು ಕೋಣೆಯ ಕಿಟಕಿಯಿಂದ, ಜೌಗಿನತ್ತ ಬರುತ್ತಿದ್ದ ಮೈದುನ ಕಂಡಿದ್ದ. ಗಿಡಗಳ ಅಂಗಡಿ ಇಟ್ಟವನು. ಒಂದು ಕೈಯಲ್ಲಿ ಗೋಣಿಚೀಲ, ಇನ್ನೊಂದರಲ್ಲಿ ಸಲಿಕೆ. ಹಿಂದಿನ ವಾರ ಎಲ್ಲರೂ ಊಟಕ್ಕೆ ಕೂತಾಗ, ಈ ಸಲ ಆರ್ಕಿಡ್‌ನ ನೇರಳೆ ಹೂವು ಚೆನ್ನಾಗಿ ಬಂದಿದೆ ಎಂದು ಬಾಯಿಬಿಟ್ಟವಳು ಅವಳೇ.

ಗೆಡ್ಡೆ ಉಳಿಸಲು ಇದ್ದದ್ದು ಒಂದೇ ಉಪಾಯ. ಹೂವಿಲ್ಲದಿದ್ದರೆ ಆ ಎಲೆಗೂ ಸುತ್ತಲಿನ ಹುಲ್ಲಿಗೂ ವ್ಯತ್ಯಾಸ ತಿಳಿಯದು. ಹೂಗೊಂಚಲುಗಳನ್ನು ಬುಡದಲ್ಲೇ ಮುರಿದು ಬೂಟಿನೊಳಗೆ ತುರುಕಿದಳು. ಈ ವರ್ಷದ ಬೀಜ ಹೋಯಿತು. ಆಮೇಲೆ ನಿಲ್ಲದೆ ಮುಂದಕ್ಕೆ ನಡೆದು, ಕಾಲುವೆ ದಂಡೆಯ ಕಲ್ಲಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದಳು. ಊಟಕ್ಕೆಂದು ಬಂದ ಹೆಜ್ಜೆಗಳಂತೆ ಕಾಣಲಿ ಎಂದು.

ಮೈದುನ ಆ ಹೆಜ್ಜೆ ಹಿಡಿದೇ ಬಂದ. ಅರ್ಧ ದಾರಿಯಲ್ಲಿ ನಿಂತ. ಅವನ ಬಲಗಾಲು ಸರಿಯಾಗಿ ಆರ್ಕಿಡ್ ಎಲೆಗಳ ಮೇಲಿತ್ತು.

"ಅತ್ತಿಗೆ, ಎಲ್ಲಿ ನಿಮ್ಮ ರಾಜಕುಮಾರಿಯರು?"

"ಯಾರಪ್ಪಾ ಅವರು?"

"ನಾಟಕ ಬೇಡ. ನೇರಳೆ ಹೂವು."

"ಜಿಂಕೆ ಮೇಯ್ದುಬಿಟ್ವು. ಹೋಗಿ ಕೇಳು, ರುಚಿ ಹೇಗಿತ್ತು ಅಂತ."

ಅವನು ನಗಲಿಲ್ಲ. ಸುತ್ತ ನೋಡುತ್ತ ಕಾಲನ್ನು ಅಲ್ಲೇ ತಿರುಗಿಸಿದ. ಎಲೆ ಕೆಸರಿಗಿಳಿಯಿತು. ಆಚೆ ನಿಲ್ಲು ಎಂಬ ಮಾತು ಅವಳ ಗಂಟಲವರೆಗೆ ಬಂತು. ಆಡಿದರೆ ಮುಗಿಯಿತು.

"ಗಂಡನಿಗೂ ಜಾಗ ತೋರಿಸಿಲ್ವಂತೆ? ಅಣ್ಣ ಹೇಳ್ತಿದ್ದ."

"ನಿಮ್ಮಣ್ಣನಿಗೆ ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಾನೇ ಗೊತ್ತಿಲ್ಲ. ಬಾ, ಊಟ ಮಾಡು. ಆರಿಹೋಗ್ತಿದೆ."

ಅವನು ಸಲಿಕೆಯನ್ನು ನೆಲಕ್ಕೆ ಊರಿದ. ಅದರ ಬಾಯಿ ಮಣ್ಣಿನೊಳಗೆ ಸ್ವಲ್ಪ ಇಳಿಯಿತು. ಅವಳು ಮುಚ್ಚಳಕ್ಕೆ ಅನ್ನ ಹಾಕಿ ಅವನತ್ತ ಚಾಚಿದಳು.

ಕಡೆಗೆ ಹಸಿವು ಗೆದ್ದಿತು. ಕೆಸರಿನಿಂದ ಕಾಲು ಕಿತ್ತುಕೊಂಡು ಅವನು ಕಲ್ಲಿನ ಕಡೆ ಬಂದ. ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ಮುಂದಿನ ವರ್ಷ ಹೂ ಬಿಟ್ಟಾಗ ನನಗೆ ಮೊದಲು ಹೇಳಿ" ಎಂದ.

"ಜಿಂಕೆಗೆ ಹೇಳಿ ನೋಡ್ತೀನಿ, ಅದು ತಿನ್ನದೆ ಬಿಟ್ರೆ ಹೇಳ್ತೀನಿ."

ಅವನ ಬೆನ್ನ ಹಿಂದೆ ಹೆಜ್ಜೆಗುಳಿಗೆ ನೀರು ಜಿನುಗಿ, ಮಡಚಿದ್ದ ಎಲೆಯೊಂದು ನಿಧಾನವಾಗಿ ಮೇಲೆದ್ದಿತು. ಅವಳು ಅತ್ತ ನೋಡದೆ, ಬೂಟಿನೊಳಗೆ ಕಾಲ್ಬೆರಳನ್ನೂ ಅಲುಗಿಸದೆ, ಅವನಿಗೆ ಇನ್ನಷ್ಟು ಬಡಿಸಿದಳು.