ಹನ್ನೆರಡನೇ ಗಡಿಕಲ್ಲು

ಕ್ಲಚ್ ಮೇಷ್ಟ್ರ ಹತ್ತಿರ ಕಾರು ಕಲಿತವರನ್ನು ಊರಲ್ಲಿ ಯಾರು ಬೇಕಾದರೂ ಗುರುತು ಹಿಡಿಯಬಹುದು. ಮುಳ್ಳುಪೊದೆಯೊಳಗಿಂದ ಗಾಡಿ ಹಿಂದಕ್ಕೆ ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸಿಗ್ನಲ್ ಕಂಡರೆ ಮಾತ್ರ ಕೈಕಾಲೇ ಆಡುವುದಿಲ್ಲ. ಪಾಪ, ಅವರದೇನು ತಪ್ಪು? ಮೇಷ್ಟ್ರು ಅವರನ್ನು ಪೇಟೆ ರಸ್ತೆಗೆ ಕರೆದುಕೊಂಡು ಹೋಗಿದ್ದರೆ ತಾನೇ. ಕಲಿಯಲು ಬಂದವರನ್ನೆಲ್ಲ ಊರಾಚೆಯ ಹಳೇ ಗಡಿದಾರಿಗೆ ಎಳೆದೊಯ್ದು, ಇಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಬೇಡಿ ಎಂದು ಹೇಳಿ, ತಾವು ಇಳಿದು ಕೋಲು ಹಿಡಿದು ಪೊದೆ ಕೆದಕುತ್ತಾ ಹೋಗಿಬಿಡುತ್ತಿದ್ದರು.

ಹಿಂದೆ ಇಲ್ಲಿ ಎರಡು ರಾಜ್ಯಗಳಿದ್ದವು. ನಡುವೆ ನೆಟ್ಟಗೆ ಗಡಿ, ಗಡಿಯುದ್ದಕ್ಕೂ ನಂಬರು ಕೆತ್ತಿದ ಕಲ್ಲುಗಳು. ಆಮೇಲೆ ಎರಡೂ ಸೇರಿ ಒಂದಾದವು, ಕಲ್ಲುಗಳನ್ನು ಕೇಳುವವರು ಯಾರೂ ಇರಲಿಲ್ಲ. ಒಂದು ಕಲ್ಲು ದನಗಳು ಮೈ ಉಜ್ಜಿಕೊಳ್ಳುವುದಕ್ಕಾಯಿತು, ಇನ್ನೊಂದರ ಮೇಲೆ ಯಾರೋ ಬೋರ್‌ವೆಲ್ ಜಾಹೀರಾತು ಬರೆದರು. ಇವುಗಳ ಉಸಾಬರಿ ಮೇಷ್ಟ್ರಿಗೆ ಯಾಕೆ ಅಂದರೆ, ಆ ಕಾಲದಲ್ಲಿ ಸರ್ವೆಯವರ ಜೊತೆ ಸರಪಳಿ ಹಿಡಿದು ಅಳತೆಗೆ ಹೋಗಿದ್ದವರು, ಗುಂಡಿ ತೋಡಿ ಕಲ್ಲು ನೆಟ್ಟವರು ಅವರ ಅಪ್ಪ.

ಬೆಂಕಿ ಹಚ್ಚಿದ್ದು ಸೂಪರ್‌ವೈಸರ್ ಸಾಹೇಬರು. ಸರ್ವೆ ಕಚೇರಿಯಿಂದ ರಿಟೈರಾಗಿ ಸಂಜೆ ಹೊತ್ತು ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತಿದ್ದ ಈ ಮನುಷ್ಯನ ನಾಲಿಗೆಗೆ ಎಲುಬು ಅನ್ನೋದೇ ಇರಲಿಲ್ಲ. ಒಂದು ದಿನ ಎಲೆ ಹಂಚುತ್ತಾ ಹೇಳಿದರು: ಹನ್ನೆರಡನೇ ಕಲ್ಲು ಇವತ್ತಿನವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ, ಇನ್ನು ಬೀಳೋದೂ ಇಲ್ಲ, ಯಾಕೆಂದರೆ ಸರಪಳಿಯವನು ಶುದ್ಧ ಸೋಮಾರಿ, ಕಲ್ಲನ್ನು ಹಳ್ಳಕ್ಕೆ ಉರುಳಿಸಿ ಮರದ ಕೆಳಗೆ ಮಲಗಿಬಿಟ್ಟ. ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ತ ಅಪ್ಪನನ್ನು ಸೋಮಾರಿ ಅಂದರೆ ಯಾವ ಮಗ ಕೂತು ಕೇಳಿಸಿಕೊಳ್ಳುತ್ತಾನೆ? ಮೇಷ್ಟ್ರು ಎಲೆ ಕೆಳಗಿಟ್ಟು ಎದ್ದರು. ಆ ಕಲ್ಲು ತೋರಿಸುವವರೆಗೂ ಕ್ಲಬ್ಬಿನ ಮೆಟ್ಟಿಲು ತುಳಿಯೋದಿಲ್ಲ ಎಂದು ಶಪಥ ಮಾಡಿ ಬಂದರು.

ಶಪಥ ಮಾಡುವುದು ಸುಲಭ. ಹನ್ನೊಂದನೇ ಕಲ್ಲಿನಿಂದ ಹದಿಮೂರನೇ ಕಲ್ಲಿಗೆ ದಾರ ಕಟ್ಟಿ, ಆ ದಾರದ ಪಕ್ಕದಲ್ಲೇ ಹೋಗಿ ಬಂದು, ಹೋಗಿ ಬಂದು, ಮೇಷ್ಟ್ರು ನೆಲವನ್ನೇ ಸವೆಸಿಬಿಟ್ಟರು. ಅಪ್ಪ ಗೆರೆ ತಪ್ಪಿದವರಲ್ಲ ಅನ್ನೋದು ಅವರ ನಂಬಿಕೆ, ಹಾಗಾಗಿ ದಾರ ಬಿಟ್ಟು ಆಚೀಚೆ ಕಣ್ಣೂ ಹಾಯಿಸಲಿಲ್ಲ. ಹೆಂಡತಿ ಮೂಗು ಮುರಿದಳು. ಮನೆಯಲ್ಲಿ ತಲೆ ಮೇಲಿರುವ ಕನ್ನಡಕ ಹುಡುಕಿಕೊಡೋಕೆ ನಾನು ಬೇಕು, ಇವರು ಕಲ್ಲು ಹುಡುಕ್ತಾರಂತೆ ಅಂದಳು. ತೊಂಬತ್ತರ ಹತ್ತಿರದ ಅಮ್ಮನಿಗೆ ಮಾತ್ರ ಮೇಷ್ಟ್ರು ಈ ಸುದ್ದಿಯೇ ಎತ್ತಿರಲಿಲ್ಲ. ಗಂಡನನ್ನು ಜನ ಹೀಗಂದರು ಅಂತ ಗೊತ್ತಾದರೆ ಮುದುಕಿ ನೊಂದುಕೊಳ್ಳುತ್ತಾಳೆ ಅನ್ನೋ ಅಳುಕು.

ಹೀಗಿರುವಾಗ ನರ್ಸಮ್ಮ ಕಾರು ಕಲಿಯಲು ಸೇರಿಕೊಂಡರು. ದೊಡ್ಡಾಸ್ಪತ್ರೆಯ ವಾರ್ಡನ್ನೆಲ್ಲ ಒಂದೇ ಗದರಿಕೆಯಲ್ಲಿ ನಡೆಸಿದ್ದ ಹೆಂಗಸು, ಲೈಸೆನ್ಸ್ ಪರೀಕ್ಷೆಯಲ್ಲಿ ಮಾತ್ರ ಮತ್ತೆ ಮತ್ತೆ ಡುಮ್ಕಿ ಹೊಡೆದಿದ್ದರು. ಕಲ್ಲು ಹುಡುಕೋ ಕಥೆ ಕೇಳಿ, ನಿಮಗೆ ಬಿಪಿ ಎಷ್ಟಿದೆ ಮೇಷ್ಟ್ರೇ ಎಂದು ವಿಚಾರಿಸಿದರು. ಆವತ್ತು ಮೇಷ್ಟ್ರು ಕಾರಿಂದಿಳಿದು ದಾರ ಬಿಚ್ಚುತ್ತಾ, ನಿಧಾನಕ್ಕೆ ಹಿಂದಕ್ಕೆ ಬನ್ನಿ ಎಂದು ಕೈ ಬೀಸಿದರು. ಕಲಿಸುವವರ ಕಾಲಡಿಗೆ ಇನ್ನೊಂದು ಬ್ರೇಕು ಇರುತ್ತದಲ್ಲ, ಅದನ್ನು ತುಳಿಯಬೇಕಾದವರು ಹೊರಗೆ ನಿಂತಿದ್ದರು. ನರ್ಸಮ್ಮ ಆಕ್ಸಿಲರೇಟರ್ ಮೇಲೆ ಭಾರ ಬಿಟ್ಟರು. ಕಾರು ದಾರ ಹರಿದುಕೊಂಡು, ದಾರಿ ದಾಟಿ, ಬಯಲಿಳಿದು, ಒಂದು ಪಾಳುಗೋಡೆಯನ್ನೂ ಬಳಸಿ, ಎಲ್ಲೋ ಪೊದೆಯೊಳಗೆ ಧಡ್ ಎಂದು ನಿಂತಿತು.

ಮೇಷ್ಟ್ರು ಏದುಸಿರು ಬಿಡುತ್ತಾ ಓಡಿಬಂದಾಗ ನರ್ಸಮ್ಮ ಆಗಲೇ ಇಳಿದು ಬಂಪರ್ ನೋಡುತ್ತಿದ್ದರು. ಹಿಂದಕ್ಕೆ ಬನ್ನಿ ಅಂದಿರಿ, ಬಂದೆ, ಎಲ್ಲಿಯವರೆಗೆ ಅಂತ ನೀವು ಹೇಳಲಿಲ್ಲ ಅಂತ ಮೇಷ್ಟ್ರ ಮೇಲೇ ರೇಗಿದರು. ಮೇಷ್ಟ್ರ ಕಿವಿಗೆ ಅದು ಬೀಳಲೇ ಇಲ್ಲ. ಬಂಪರ್ ಗುದ್ದಿದ್ದು ಕಲ್ಲಿಗೆ. ಕಲ್ಲಿನ ಮೇಲೆ ಹನ್ನೆರಡು ಅಂತ ಕೆತ್ತಿತ್ತು.

ಖುಷಿಗೆ ಮೇಷ್ಟ್ರ ಕಣ್ಣು ತುಂಬಿತು. ಆಮೇಲೆ ತಿರುಗಿ ದಾರದ ಕಡೆ ನೋಡಿದರು, ಅಪ್ಪನೇ ಗೆರೆ ತಪ್ಪಿದರಾ ಎಂದು ನರಳಿದರು. ಗಡಿ ಎಲ್ಲಿ, ಕಲ್ಲೆಲ್ಲಿ. ಇಲ್ಲಿಂದ ಕೂಗಿದರೂ ಅಲ್ಲಿಗೆ ಕೇಳಿಸದಷ್ಟು ದೂರ. ನರ್ಸಮ್ಮನಿಗೆ ಕರುಣೆ ಬಂತು. ಯಾರೋ ಆಮೇಲೆ ಕಿತ್ತು ಇಲ್ಲಿ ತಂದು ಹಾಕಿರಬೇಕು, ನಿಮ್ಮಪ್ಪನ ತಲೆಗ್ಯಾಕೆ ಕಟ್ಟುತ್ತೀರಿ ಅಂದರು. ಅದಕ್ಕೂ ಒಂದು ಪರೀಕ್ಷೆಯಿತ್ತು. ಗಡಿಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಇದ್ದಿಲು, ಒಡೆದ ಪಿಂಗಾಣಿ ಚೂರು ಹಾಕುತ್ತಾರೆ. ಎರಡೂ ಮಣ್ಣಲ್ಲಿ ಕೊಳೆಯುವುದಿಲ್ಲ. ಕಲ್ಲು ಕದಿಯುವವನು ಮೇಲಿನ ಕಲ್ಲನ್ನಷ್ಟೇ ಕದಿಯುತ್ತಾನೆ, ತಳದ ಸಾಕ್ಷಿ ಇದ್ದಲ್ಲೇ ಇರುತ್ತದೆ. ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ಮೇಷ್ಟ್ರು ಜ್ಯಾಕ್‌ನ ಕಬ್ಬಿಣದ ಸಲಾಕೆಯಿಂದ ಬುಡ ಕೆದಕಿದರು. ಇದ್ದಿಲು ಬಂತು. ಅದರ ಹಿಂದೆಯೇ ಹಸಿರು ಅಂಚಿನ ತಟ್ಟೆಯ ಚೂರು. ಅಂದರೆ ಅಪ್ಪನೇ ಇಲ್ಲಿ ನೆಟ್ಟದ್ದು, ಶಾಸ್ತ್ರಬದ್ಧವಾಗಿ, ತಪ್ಪು ಜಾಗದಲ್ಲಿ. ಸೋಮಾರಿ ಅಲ್ಲದಿದ್ದರೆ ಕುಡುಕ ಅಂತಾದರೂ ಕ್ಲಬ್ಬಿನವರು ಹೆಸರಿಡುತ್ತಾರೆ ಎಂದುಕೊಂಡು ಮೇಷ್ಟ್ರು ಕುಸಿದು ಕೂತರು. ಊರಿಗೆ ನರ್ಸಮ್ಮನೇ ಗಾಡಿ ಓಡಿಸಿದರು. ದಾರಿಯಲ್ಲಿ ಒಂದು ಕೆಂಪು ದೀಪವನ್ನೂ ಅವರು ಲೆಕ್ಕಕ್ಕಿಡಲಿಲ್ಲ, ಮೇಷ್ಟ್ರು ತಲೆಯೆತ್ತಲೂ ಇಲ್ಲ.

ಮನೆಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತಾ ಕೂತಿದ್ದರು. ಮಗನ ಕೈಯಲ್ಲಿದ್ದ ಚೂರನ್ನು ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದು ನಮ್ಮಮ್ಮನ ತಟ್ಟೆ ಕಣೋ. ಎಲ್ಲಿತ್ತು?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕ್ಲಬ್ಬಿನಲ್ಲಿ ಅಂದ ಮಾತಿನಿಂದ ಹಿಡಿದು ಬಂಪರ್‌ವರೆಗೆ ಮೇಷ್ಟ್ರು ಎಲ್ಲ ಹೇಳಿದರು. ಅಮ್ಮ ನೊಂದುಕೊಳ್ಳಲಿಲ್ಲ. ಮುದುಕಿಯ ಕೆನ್ನೆ ಕೆಂಪಾಯಿತು. ತಮ್ಮ ತವರುಮನೆ ಗಡಿಯ ಆಚೆಗಿತ್ತು ಎಂದು ಶುರುಮಾಡಿದರು. ಅಳತೆಗೆ ಬಂದ ಸರಪಳಿಯವನು ನೀರು ಕೇಳಿದ, ಮಾರನೇ ದಿನವೂ ಬಾಯಾರಿತು, ಅದರ ಮಾರನೇ ದಿನವೂ. ಮದುವೆ ಮಾತು ಬಂದಾಗ ಅಮ್ಮನ ಅಪ್ಪ ಪಟ್ಟು ಹಿಡಿದರು, ಬೇರೆ ರಾಜ್ಯಕ್ಕೆ ಹೆಣ್ಣು ಕೊಡೋದಿಲ್ಲ ಅಂತ.

"ನಿಮ್ಮಪ್ಪ ನೋಡೋವಷ್ಟು ನೋಡಿ, ತಮ್ಮ ರಾಜ್ಯಾನೇ ನಮ್ಮನೆ ಹಿತ್ತಲು ದಾಟಿಸಿಬಿಟ್ರು. ನಕ್ಷೆ ಯಾರು ನೋಡ್ತಾರೆ? ನಮ್ಮಪ್ಪ ಕಲ್ಲು ನೋಡಿದ, ಒಪ್ಪಿಕೊಂಡ. ಗುಂಡಿಗೆ ಹಾಕೋಕೆ ಒಡೆದ ತಟ್ಟೆ ಇದ್ಯಾ ಅಂತ ಕೇಳಿದ್ರು. ಒಡೆದದ್ದು ಇರಲಿಲ್ಲ. ಇದ್ದದ್ದರಲ್ಲಿ ಒಳ್ಳೇದನ್ನ ನಾನೇ ಒಡೆದು ಕೊಟ್ಟೆ."

ಆ ಕಲ್ಲು ಗೆರೆಯ ಮೇಲೇ ನಿಂತಿದ್ದರೆ ತಾವು ಹುಟ್ಟುತ್ತಲೇ ಇರಲಿಲ್ಲ ಅನ್ನೋದು ನಿಧಾನವಾಗಿ ಮೇಷ್ಟ್ರ ತಲೆಗೆ ಹತ್ತಿತು. ಇದನ್ನು ಹೊರಗೆ ಹೇಳಿದರೆ ಅಪ್ಪನ ಮಾನ ಹೋಗುತ್ತದಲ್ಲಮ್ಮ ಎಂದು ಗೊಣಗಿದರು.

"ಮಾನ ಹೋದರೆ ಹೋಗ್ಲಿ. ಇಬ್ಬರು ಸೇರಿ ಎತ್ತೋಕಾಗದ ಕಲ್ಲು ಕಣೋ ಅದು. ಒಬ್ಬರೇ ಅಷ್ಟು ದೂರ ಉರುಳಿಸ್ಕೊಂಡು ಬಂದ್ರು, ಅಂಗೈ ಕಿತ್ತು ರಕ್ತ ಸೋರ್ತಿತ್ತು. ಅವರನ್ನ ಏನು ಬೇಕಾದ್ರೂ ಅನ್ಲಿ, ಸೋಮಾರಿ ಅನ್ನೋಕೆ ಅವನ್ಯಾರು? ಹೋಗು, ಈಗಲೇ ಹೇಳಿ ಬಾ."

ಆ ಸಂಜೆ ಮೇಷ್ಟ್ರು ಕ್ಲಬ್ಬಿನ ಮೆಟ್ಟಿಲು ಹತ್ತಿದರು. ಸೂಪರ್‌ವೈಸರ್ ಸಾಹೇಬರ ಎದುರಿನ ಕುರ್ಚಿ ಎಳೆದುಕೊಂಡು ಎದೆಯುಬ್ಬಿಸಿ ಕೂತರು.

"ಕಲ್ಲು ಸಿಕ್ತು ಸ್ವಾಮಿ. ನಮ್ಮಪ್ಪ ಸೋಮಾರಿ ಅಲ್ಲ, ಕಳ್ಳ."