ಕರಗಿದ ಗಡ್ಡೆ

ಎಂಬತ್ತರ ದಶಕದ ಮಾತು. ಹುಬ್ಬಳ್ಳಿ ಬಸ್ಸು ಬಂದು ನಿಂತರೂ ನಮ್ಮ ಸೋದರಮಾವ ಗದಗ ಸ್ಟ್ಯಾಂಡಿನ ಬೆಂಚಿನಿಂದ ಏಳಲಿಲ್ಲ. ಮುಳಗುಂದದ ಗುಡಿಯೊಂದರಲ್ಲಿ ಪೂಜೆ ಮಾಡಿಕೊಂಡಿದ್ದವರು. ನಾಲಿಗೆಯ ಅಂಚಿನಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿತ್ತು. ಮೊದಲು ಸಲೈನಿನಲ್ಲಿ ಔಷಧ ಕೊಟ್ಟು ಕುಗ್ಗಿಸುತ್ತೇವೆ, ಆಮೇಲೆ ಕೊಯ್ಯುತ್ತೇವೆ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಔಷಧಕ್ಕೆ ವಾಂತಿ ಮಾಡಿ ಮಾಡಿ ಸೊರಗಿದರು, ಕೂದಲು ಉದುರಿತು. ಗಡ್ಡೆಯೂ ಕಾಣದಷ್ಟು ಕರಗಿತು. ಈಗ ಆಪರೇಷನ್ನಿಗೆ ಹೊರಟಿದ್ದೆವು.

“ಗಡ್ಡಿ ಹೋಗೇತಿ. ಇನ್ನ ನಾಲಿಗಿ ಯಾಕ ಕೊಯ್ಸಲಿ? ಮಂತ್ರ ಹೆಂಗ ಹೇಳ್ಲಿ? ನಡಿ, ಊರಿಗೆ ಹೋಗೂಣು,” ಅಂದರು ಮಾವ.

“ಮಾವಾ, ಒಳಗ ಬೇರು ಉಳದಿರತೈತಂತ ಡಾಕ್ಟರು ಹೇಳ್ಯಾರ,” ಅಂದೆ. ಕಂಡಕ್ಟರ್ ಸೀಟಿ ಹೊಡೆದ.

ಪಕ್ಕದಲ್ಲಿ ಬೆಟಗೇರಿಯ ನೇಕಾರರ ಮನೆಯಾಕೆಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆ ಸೆರಗು ಸರಿಸಿದಳು. ಒಂದು ಕಡೆ ದವಡೆಯೇ ಇರಲಿಲ್ಲ. ತೊದಲುತ್ತ, ನಿಧಾನವಾಗಿ ಹೇಳಿದಳು: “ನಂದೂ ಕರಗಿತ್ತರಿ, ಅಣ್ಣಾರ. ಆರಾಮಾತು ಅಂತ ಮನ್ಯಾಗ ಕುಂತೆ. ಮತ್ತ ಬಂತು. ಆವಾಗ್ಲೇ ಹೋಗಿದ್ರ ಸ್ವಲ್ಪ ತಗೀತಿದ್ರು, ಆಮ್ಯಾಲೆ ಇಷ್ಟು ತಗದ್ರು.”

ಮಾವ ಆಕೆಯ ಮುಖವನ್ನೇ ನೋಡಿದರು. ಎದ್ದು ಹೋಗಿ, ಹೊರಟಿದ್ದ ಬಸ್ಸಿನ ಬಾಗಿಲು ಬಡಿದರು.

ನಾಲಿಗೆ ಅರ್ಧ ಹೋಯಿತು, ಮಾವ ಉಳಿದರು. ಮತ್ತೆ ಪೂಜೆಗೆ ನಿಂತಾಗ ಊರಿನವನೊಬ್ಬ, “ಅಜ್ಜಾರ, ನಿಮ್ಮ ಮಂತ್ರ ಒಂದೂ ತಿಳಿವಲ್ದರಿ,” ಅಂದ.

ಮಾವ ತೊದಲುತ್ತಲೇ ಕೇಳಿದರು: “ಮೊದಲರೆ ನಿನಗ ಎಲ್ಲಿ ತಿಳೀತಿತ್ತಲೇ?”