ಕಾಗದದ ತಟ್ಟೆಯ ಸ್ಪೀಕರ್

ಅವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಬ್ಲೇಡಿನ ಸಣ್ಣ ಸಣ್ಣ ಗೆರೆಗಳಿದ್ದವು. ವಾರ್ನಿಷ್ ಕುಡಿದು ಕುಡಿದು ಅದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಟ್ಟೂರಿನ ನಮ್ಮ ಹೈಸ್ಕೂಲಿಗೆ ಲ್ಯಾಬ್ ಅಟೆಂಡರ್ ಆಗಿ ಬರುವ ಮೊದಲು ಅವರು ಪಕ್ಕದ ಸಿಂಗಾಪುರ ಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದವರು. ತೋಟಗಳೆಲ್ಲ ಲೇಔಟ್ ಆದ ಮೇಲೆ ಸುತ್ತಲು ಮೋಟಾರೇ ಉಳಿಯಲಿಲ್ಲವಂತೆ.

ನಾನು ಅಲ್ಲಿ ಫಿಸಿಕ್ಸ್ ಟೀಚರ್. ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಪಡೆದ ಜಂಬ ಬೇರೆ. ವಿದ್ಯುತ್ಕಾಂತತೆಯ ಪಾಠವನ್ನು ಬೋರ್ಡು ತುಂಬ ಬರೆದು ವಿವರಿಸುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಊಟದ ಬಿಡುವಿನಲ್ಲಿ ಅದೇ ಮಕ್ಕಳು ಲ್ಯಾಬಿಗೆ ಓಡುತ್ತಿದ್ದರು. ಅಲ್ಲಿ ಅಟೆಂಡರ್ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಕಾಗದದ ತಟ್ಟೆಯ ಬೆನ್ನಿಗೆ ಅಂಟಿಸಿ, ಕೆಳಗೊಂದು ಆಯಸ್ಕಾಂತ ಇಟ್ಟು, ತಂತಿಯ ಎರಡು ತುದಿಗಳನ್ನು ಹಳೆಯ ರೇಡಿಯೊಗೆ ಸೇರಿಸಿರುತ್ತಿದ್ದರು. "ಮೊದ್ಲು ಮುಟ್ಟಿ, ಆಮೇಲೆ ಕೇಳಿ" ಎನ್ನುವುದು ಅವರ ಮಾತು. ಬೆರಳಿಟ್ಟರೆ ತಟ್ಟೆ ಗುರುಗುಟ್ಟುತ್ತಿತ್ತು.

"ಕರೆಂಟು ಆ ಕಡೆ ಈ ಕಡೆ ಓಡಾಡ್ತದೆ. ಅದಕ್ಕೆ ತಕ್ಕಂಗೆ ಸುರುಳಿನೂ ಆಯಸ್ಕಾಂತ ಆಗಿ ಒಂದ್ಸಲ ಕೆಳಕ್ಕೆ, ಒಂದ್ಸಲ ಮೇಲಕ್ಕೆ. ತಟ್ಟೆ ಇಂಗೆ ಕುಣಿದ್ರೆ ಗಾಳಿನೂ ಕುಣೀತದೆ. ಅದೇ ಸದ್ದು."

ಒಂದು ದಿನ ಕ್ಲಾಸಿನ ಹುಡುಗಿಯೊಬ್ಬಳು, ಅಟೆಂಡರ್ ಅಣ್ಣ ತೋರಿಸಿದ ಮೇಲೆ ಪಾಠ ಅರ್ಥವಾಯಿತು ಎಂದಳು. ನಾನು ನಗುನಗುತ್ತಲೇ ಗುಡ್ ಎಂದೆ. ಒಳಗೆ ಮಾತ್ರ, ಹತ್ತನೇ ಕ್ಲಾಸು ದಾಟದ ಮನುಷ್ಯ ನನ್ನ ಮಕ್ಕಳನ್ನು ಕಿತ್ತುಕೊಂಡನಲ್ಲ ಎಂಬ ಉರಿ.

ಅದೇ ವಾರ ಅವರು ಮಕ್ಕಳ ಎದುರಿಗೇ ಕೇಳಿದರು: "ಮಿಸ್, ತಂತೀಲಿ ಕರೆಂಟು ಓಡಾಡಿದ್ರೆ ಅದ್ಯಾಕೆ ಆಯಸ್ಕಾಂತ ಆಯ್ತದೆ?"

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅದೆಲ್ಲ ಸಿಲೆಬಸ್‌ನಲ್ಲಿಲ್ಲ, ಮೊದಲು ಬೀಕರ್ ತೊಳೆಯಿರಿ ಎಂದುಬಿಟ್ಟೆ. "ಸರಿ ಮಿಸ್" ಎಂದು ತೊಳೆಯಲು ಹೋದರು.

ಆ ವರ್ಷದ ವಿಜ್ಞಾನ ಪ್ರದರ್ಶನಕ್ಕೆ, ಅವರ ಹಂಗೇ ಬೇಡವೆಂದು ನಾನೇ ಸ್ಪೀಕರ್ ಮಾಡಲು ಕೂತೆ. ನೂರು ಸುತ್ತು ಸುತ್ತಿದೆ. ಜೋಡಿಸಿದರೆ ಸದ್ದೇ ಇಲ್ಲ. ಆಯಸ್ಕಾಂತ ಬದಲಿಸಿದೆ, ರೇಡಿಯೊಗೆ ನಾಲ್ಕು ಏಟು ಕೊಟ್ಟೆ. ಅತಿಥಿಗಳು ಬರುವ ಹೊತ್ತು, ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಕುರ್ಚಿ ಹೊತ್ತು ಬಂದ ಅಟೆಂಡರ್ ಬಗ್ಗಿ ನೋಡಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ತಂತಿಗೆ ಬಟ್ಟೆ ಅದೆ ಮಿಸ್."

ಪಳಪಳ ಹೊಳೆಯುವ ಆ ತಂತಿಯನ್ನು ನಾನು ಬರಿ ತಾಮ್ರ ಎಂದುಕೊಂಡಿದ್ದೆ. ಅದರ ಮೇಲೆ ತೆಳ್ಳಗೆ ವಾರ್ನಿಷ್ ಇರುತ್ತದೆ. ಸುತ್ತುಗಳು ಒಂದನ್ನೊಂದು ತಾಗದಿರಲು ಅದು ಬೇಕು, ಆದರೆ ತುದಿಯಲ್ಲಿ ಅದನ್ನು ಕೆರೆಯದಿದ್ದರೆ ಕರೆಂಟು ಒಳಗೇ ಹೋಗುವುದಿಲ್ಲ. ಅವರು ಜೇಬಿನಿಂದ ಅರ್ಧ ಬ್ಲೇಡು ತೆಗೆದು, ತುದಿಗಳನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಕೆರೆದರು. ತಟ್ಟೆ ಹಾಡಿತು. ತುದಿ ಕೆರೆಯುವುದನ್ನು ಮಿಸ್ ತನಗೇ ಬಿಟ್ಟಿದ್ದರು ಎಂದು ಮಕ್ಕಳಿಗೆ ಜೋರಾಗಿ ಹೇಳಿದರು. ಬಹುಮಾನವೂ ಬಂತು. ಎಲ್ಲರೆದುರು ನನ್ನ ತಪ್ಪು ಹೇಳಿದ್ದರೆ ವಾಸಿಯಿತ್ತು. ಈ ದೊಡ್ಡತನಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು. ಅವರು ರಿಟೈರ್ ಆದ ದಿನ ಹಾರ ಹಾಕುವಾಗಲೂ ಥ್ಯಾಂಕ್ಸ್ ಎನ್ನಲಿಲ್ಲ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಸಿಂಗಾಪುರದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಗುರುತಿಸಿ ಪಕ್ಕದಲ್ಲಿ ಬಂದು ಕೂತರು.

"ನಿಮ್ ಪಾಠ ನಡೀವಾಗ ಬಾಗ್ಲಾಚೆ ನಿಂತು ಕೇಳೋರಂತೆ. ‘ನಂಗೆ ಎಂಗೆ ಅಂತ ಮಾತ್ರ ಗೊತ್ತು, ಅವ್ರಿಗೆ ಯಾಕೆ ಅಂತಾನೂ ಗೊತ್ತು’ ಅಂತ ಒಟ್ಟೆ ಉರ್ಕೊಳ್ಳೋರು. ಕರೆಂಟು ಯಾಕೆ ಆಯಸ್ಕಾಂತ ಆಯ್ತದೆ ಅಂತ ನಿಮ್ಮನ್ನ ಕೇಳಿದ್ರಂತಲ್ಲ? ‘ಮಿಸ್ಸು ಬಿಡುವಾದಾಗ ಏಳ್ಕೊಡ್ತಾರೆ’ ಅಂತಿದ್ರು. ಏಳ್ಕೊಟ್ರಾ?"

ಅವರು ಕೇಳಿದ ದಿನ ಆ ‘ಯಾಕೆ’ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೇ.

"ಇಲ್ಲಮ್ಮ," ಎಂದೆ, "ಹೇಳ್ಕೊಡಲಿಲ್ಲ."